ಗಣಿಯ ಚರಂಡಿ, ರಸ್ತೆ ಡ್ರಾಯಿಂಗ್ ಯಾಕೆ ಪದೇ ಪದೇ ವಾಪಸ್ ಬರುತ್ತೆ?

ಪ್ರಶ್ನೆ: ಸರ್, ನನ್ನ ತಮ್ಮ ಮಹಾರಾಷ್ಟ್ರದ ಚಂದ್ರಪುರದ ಕಡೆ ಒಂದು ಓಪನ್‌ಕಾಸ್ಟ್, ಅಂದರೆ ಮೇಲಿನಿಂದ ತೆರೆದು ಅಗೆಯುವ ಕಲ್ಲಿದ್ದಲು ಗಣಿಯಲ್ಲಿ ಎಂಜಿನಿಯರ್. ಅವನು ಮಾಡಿದ ಚರಂಡಿ ಮತ್ತು ರಸ್ತೆಯ ಡ್ರಾಯಿಂಗ್ ಎರಡು ಸಲ ವಾಪಸ್ ಬಂದಿದೆಯಂತೆ. ಕಲ್ಲಿದ್ದಲು ತೆಗೆಯೋದಲ್ವಾ ಮುಖ್ಯ? ಚರಂಡಿಗೆ ಯಾಕಿಷ್ಟು ತಲೆ ಕೆಡಿಸಿಕೊಳ್ಳುತ್ತಾರೆ? (ವಿಜಯನಗರದ ಓದುಗರು)

ಬೆಂಗಳೂರಿನಲ್ಲಿ ಕೂತು ಗಣಿಗಳ ಡ್ರಾಯಿಂಗ್ ಮಾಡುವವರು ನಾವು ಕೆಲವರಿದ್ದೇವೆ, ನಮಗೆ ಈ ಪ್ರಶ್ನೆ ಆಗಾಗ ಬರುತ್ತದೆ. ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿ ಇಲ್ಲ, ನಿಜ. ಆದರೆ ನಮ್ಮ ರಾಜ್ಯದ ವಿದ್ಯುತ್ ನಿಗಮ ಕೆಪಿಸಿಎಲ್‌ಗೆ ಕೊಟ್ಟಿರುವ ಬಾರಂಜ್ ಗಣಿ ಇರುವುದು ನಿಮ್ಮ ತಮ್ಮ ಇರುವ ಚಂದ್ರಪುರ ಜಿಲ್ಲೆಯಲ್ಲೇ.

2023ರ ಮೇ ತಿಂಗಳ ಒಂದೇ ಮಳೆಗೆ ಬೆಂಗಳೂರಿನ ಕೆ.ಆರ್. ಸರ್ಕಲ್ ಅಂಡರ್‌ಪಾಸ್ ತುಂಬಿ, ಕಾರಿನಲ್ಲಿದ್ದ ಹೆಣ್ಣುಮಗಳು ಮುಳುಗಿ ತೀರಿಕೊಂಡರು, ನೆನಪಿದೆಯಲ್ವಾ? ಓಪನ್‌ಕಾಸ್ಟ್ ಗಣಿ ಅದಕ್ಕಿಂತ ಎಷ್ಟೋ ಪಟ್ಟು ಆಳದ ಗುಂಡಿ, ಅದರ ತಳದಲ್ಲಿ ದಿನವಿಡೀ ಜನ ಕೆಲಸ ಮಾಡುತ್ತಾರೆ. ನೀರು ತಾನಾಗಿ ಆಚೆ ಹೋಗಲ್ಲ. ಪಂಪ್ ಮಾಡಬೇಕು.

ಲೆಕ್ಕ ನೋಡಿ. 10 ಹೆಕ್ಟೇರ್ ಗುಂಡಿಯ ಮೇಲೆ ಒಂದು ಗಂಟೆಯಲ್ಲಿ 50 ಮಿಲಿಮೀಟರ್ ಮಳೆ ಬಿದ್ದರೆ 50 ಲಕ್ಷ ಲೀಟರ್ ನೀರು. ನಮ್ಮ ಬೀದಿಗೆ ಬರುವ 6,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 830ಕ್ಕೂ ಜಾಸ್ತಿ ಟ್ಯಾಂಕರ್! ಹೊರಗಿನ ನೀರೂ ಇದಕ್ಕೆ ಸೇರಬಾರದು ಅಂತಲೇ ಗಣಿಯ ಸುತ್ತ, ಅಗೆದು ರಾಶಿ ಹಾಕಿದ ಮಣ್ಣಿನ ಡಂಪ್‌ಗಳ ಸುತ್ತ ಹಾರ ಹಾಕಿದ ಹಾಗೆ ಚರಂಡಿ ತೋಡಿಸುತ್ತಾರೆ, ಅದಕ್ಕೆ ಗಾರ್ಲೆಂಡ್ ಡ್ರೈನ್ ಅಂತಲೇ ಹೆಸರು. ಒಳಗೆ ಬಿದ್ದ ನೀರು ಸಂಪ್‌ಗೆ ಹೋಗಬೇಕು. ಪರಿಸರ ಅನುಮತಿಯಲ್ಲಿ ಸಾಮಾನ್ಯವಾಗಿ ಇರುವ ಷರತ್ತು ಏನೆಂದರೆ, ಜೋರು ಮಳೆಗೆ ಎಷ್ಟು ಜಾಗ ಬೇಕೋ ಅದಕ್ಕಿಂತ ಶೇ. 50 ಹೆಚ್ಚು ಜಾಗ ಸಂಪ್‌ನಲ್ಲಿ ಇರಬೇಕು, ಹೂಳು ತಳಕ್ಕೆ ಇಳಿಯುವಷ್ಟು ಹೊತ್ತು ನೀರು ಅಲ್ಲಿ ನಿಲ್ಲಬೇಕು. ಹೊರಗೆ ಬಿಡುವ ನೀರಿನಲ್ಲಿ ತೇಲುವ ಕೆಸರಿನ ಕಣ ಲೀಟರಿಗೆ 100 ಮಿಲಿಗ್ರಾಂ ದಾಟಬಾರದು.

ಕೆಲಸಗಾರರ ಜೀವದ ವಿಷಯ ನೋಡುವುದು ಧನಬಾದ್‌ನಲ್ಲಿ ಮುಖ್ಯ ಕಚೇರಿ ಇರುವ ಗಣಿ ಸುರಕ್ಷತಾ ಮಹಾನಿರ್ದೇಶನಾಲಯ, ಅಂದರೆ ಡಿಜಿಎಂಎಸ್. ಅವರು ಹಿಡಿದು ಓದುವುದು 2017ರ ಕೋಲ್ ಮೈನ್ಸ್ ರೆಗ್ಯುಲೇಷನ್ಸ್, ಅಂದರೆ ಕಲ್ಲಿದ್ದಲು ಗಣಿಗಳ ನಿಯಮಾವಳಿ.

ಇನ್ನು ರಸ್ತೆ. ಎರಡೂ ಕಡೆಯಿಂದ ಡಂಪರ್, ಅಂದರೆ ಮಣ್ಣು, ಕಲ್ಲಿದ್ದಲು ಸಾಗಿಸುವ ದೈತ್ಯ ಲಾರಿ, ಓಡುವುದಾದರೆ ರಸ್ತೆಯ ಅಗಲ ಅಲ್ಲಿನ ಅತಿ ದೊಡ್ಡ ಗಾಡಿಯ ಅಗಲದ ಮೂರು ಪಟ್ಟು, ಅದರ ಮೇಲೆ ಇನ್ನೂ 5 ಮೀಟರ್. ಡಂಪರ್ 6 ಮೀಟರ್ ಅಗಲ ಅಂದುಕೊಳ್ಳಿ, 23 ಮೀಟರ್ ಆಯಿತು, ನಮ್ಮ ಲೇಔಟಿನ 40 ಅಡಿ ರಸ್ತೆ ಎರಡು ಜೋಡಿಸಿದಷ್ಟು. ಏರು ಸಾಮಾನ್ಯವಾಗಿ 16ಕ್ಕೆ 1ಕ್ಕಿಂತ (16 ಮೀಟರ್ ಮುಂದೆ ಹೋದರೆ 1 ಮೀಟರ್ ಮೇಲೆ) ಕಡಿದಾಗಿರಬಾರದು. ಪಕ್ಕದಲ್ಲಿ ಇಳಿಜಾರಿದ್ದರೆ ಅಂಚಿಗೆ ಅತಿ ದೊಡ್ಡ ಟೈರಿನಷ್ಟು ಎತ್ತರದ ಗಟ್ಟಿ ಮಣ್ಣಿನ ಏರಿ ಕಟ್ಟಬೇಕು, ಗಾಡಿ ಜಾರಿದರೂ ಕೆಳಗೆ ಬೀಳದ ಹಾಗೆ.

ಡ್ರಾಯಿಂಗ್ ವಾಪಸ್ ಬರುವುದು ಹೆಚ್ಚಾಗಿ ಇಲ್ಲೇ. ಆ ಏರಿ ಗಾಡಿಯನ್ನೂ ತಡೆಯುತ್ತೆ, ನೀರನ್ನೂ ತಡೆಯುತ್ತೆ. ಒಂದು ಗಣಿಯಲ್ಲಿ ಮಳೆ ನಿಂತ ಅರ್ಧ ಗಂಟೆಗೆ ನಾನೇ ನೋಡಿದ್ದು: ಏರಿ ಗಟ್ಟಿಯಾಗಿತ್ತು, ಅಳತೆಯೂ ಸರಿಯಿತ್ತು, ಆದರೆ ನೀರು ಹೋಗಲು ದಾರಿಯಿಲ್ಲದೆ ರಸ್ತೆಯೇ ಕಾಲುವೆಯಾಗಿ ತಿರುವಿನವರೆಗೂ ಹರಿದು ಬಂದು, ಅಲ್ಲಿ ಪಾದ ಮುಳುಗುವಷ್ಟು ಕೆಂಪು ಕೆಸರು ಬಿಟ್ಟಿತ್ತು. ಖಾಲಿ ಡಂಪರ್ ಒಂದು ಬ್ರೇಕ್ ಹಾಕಿದಾಗ ಚಕ್ರ ನಿಂತರೂ ಗಾಡಿ ನಿಲ್ಲಲಿಲ್ಲ, ಮೆಲ್ಲಗೆ ಜಾರುತ್ತಲೇ ಇತ್ತು. ನೀರಿಗೆ ಅಂತ ಏರಿಯನ್ನು ಕಡಿದರೆ ಅಲ್ಲಿ ಗಾಡಿಗೆ ತಡೆಯಿಲ್ಲ, ಕಡಿಯದಿದ್ದರೆ ಹೀಗೆ. ಅದಕ್ಕೇ ರಸ್ತೆಯನ್ನು ಒಳಗಿನ ಗೋಡೆಯ ಕಡೆಗೆ ಸ್ವಲ್ಪ ವಾಲಿಸಿ, ಆ ಬದಿಯಲ್ಲಿ ಚರಂಡಿ ತೋಡಿ, ದಾಟಬೇಕಾದ ಕಡೆ ಸಿಮೆಂಟ್ ಪೈಪ್ ಹೂಳಬೇಕು. ರಸ್ತೆ ಒಬ್ಬರು, ಚರಂಡಿ ಇನ್ನೊಬ್ಬರು ಬೇರೆ ಬೇರೆ ಹಾಳೆಯಲ್ಲಿ ಬರೆದರೆ ಈ ಜಗಳ ಕಾಣುವುದೇ ಇಲ್ಲ.

ಸುಮ್ನೆ ಕಾಗದದ ಕಾಟ ಅಂತ ನಿಮ್ಮ ತಮ್ಮನಿಗೆ ಅನ್ನಿಸಬಹುದು. 1995ರ ಸೆಪ್ಟೆಂಬರ್ ಮಳೆಯಲ್ಲಿ ಧನಬಾದ್ ಕಡೆಯ ಕಟ್ರಿ ನದಿ ಉಕ್ಕಿ ಗಸ್ಲಿಟಾಂಡ್ ಗಣಿಗೆ ನುಗ್ಗಿತು. ಅದು ನೆಲದಡಿಯ ಗಣಿ, 64 ಜನ ಸತ್ತರು. ಮೇಲಿನ ನೀರನ್ನು ಮೇಲೇ ತಡೆಯಬೇಕು ಅಂತ ಪರಿಶೀಲಿಸುವವರು ಹಟ ಹಿಡಿಯುವುದು ಇಂಥದ್ದನ್ನು ಕಂಡೇ.

ತಮ್ಮನಿಗೆ ಹೇಳಿ: ಮುಂದಿನ ಸಲ ರಸ್ತೆ, ಚರಂಡಿ ಎರಡನ್ನೂ ಒಂದೇ ಹಾಳೆಯಲ್ಲಿ ಬರೆಯಲಿ. ಪ್ರತಿ ತಿರುವಿನಲ್ಲೂ ನೀರು ಯಾವ ಕಡೆ ಹೋಗುತ್ತೆ ಅಂತ ಬಾಣದ ಗುರುತು ಹಾಕಲಿ. ಹೂಳು ತೆಗೆಯುವ ಯಂತ್ರ ಚರಂಡಿಯ ಹತ್ತಿರ ಹೋಗಲು ದಾರಿ ತೋರಿಸಲಿ, ಇದನ್ನು ಜಾಸ್ತಿ ಜನ ಮರೆಯುತ್ತಾರೆ. ಈಗಿರುವ ರಸ್ತೆಯಲ್ಲಿ ಒಂದು ಮಳೆ ಆದ ಮೇಲೆ ನಡೆದು ಬಂದು, ನೀರು ನಿಂತ ಜಾಗಗಳನ್ನು ಮೊದಲು ಗುರುತು ಮಾಡಿಕೊಂಡು ಆಮೇಲೆ ಪೆನ್ಸಿಲ್ ಹಿಡಿಯಲಿ.