ವಿಷಯ ಎತ್ತದಿದ್ದರೆ ಮರೆತಿದ್ದಾರೆ ಅಂತಲ್ಲ

ಪಿಟಿಎಸ್‌ಡಿ (ದೊಡ್ಡ ಆಘಾತದ ನಂತರ ಕಾಡುವ ಮಾನಸಿಕ ಕಾಯಿಲೆ) ಅಂತ ಹೇಳಿಕೊಂಡು ನನ್ನ ಹತ್ತಿರ ಬರುವವರು ತೀರಾ ಕಡಿಮೆ. ನಿದ್ದೆ ಬರಲ್ಲ, ಎದೆ ಢವಢವ ಅನ್ನುತ್ತೆ, ಇಸಿಜಿ ನಾರ್ಮಲ್ ಬಂದಿದೆ, ಗ್ಯಾಸ್ಟ್ರಿಕ್ ಮಾತ್ರೆ ನುಂಗಿ ನುಂಗಿ ಸಾಕಾಯ್ತು ಅಂತ ಬರುತ್ತಾರೆ. ಇಲ್ಲವೇ ಹೆಂಡತಿ ಕರೆದುಕೊಂಡು ಬರುತ್ತಾರೆ: ಮೊದಲು ಹೀಗಿರಲಿಲ್ಲ, ಈಗ ಕುಕ್ಕರ್ ಕೂಗಿದರೂ ರೇಗುತ್ತಾರೆ, ಕುಡಿಯದೆ ಮಲಗಲ್ಲ. ಇದು ಶುರುವಾಗುವ ಮುಂಚೆ ಏನಾದರೂ ಆಗಿತ್ತಾ ಅಂತ ಕೇಳಿದರೆ ಸಿಗುವ ಉತ್ತರ ಹೆಚ್ಚುಕಡಿಮೆ ಹೀಗಿರುತ್ತದೆ. ‘ಹೋದ ವರ್ಷ ಬೈಕ್ ಆಕ್ಸಿಡೆಂಟ್ ಆಗಿತ್ತು, ಹಿಂದೆ ಕೂತಿದ್ದ ಫ್ರೆಂಡ್ ಉಳಿಯಲಿಲ್ಲ. ಆದ್ರೆ ಅದೆಲ್ಲ ಮರೆತಿದ್ದಾರೆ ಡಾಕ್ಟ್ರೇ, ಆ ವಿಷಯ ಎತ್ತೋದೇ ಇಲ್ಲ.’

ನನ್ನ ಕಿವಿ ನೆಟ್ಟಗಾಗುವುದು ಈ ಕೊನೆಯ ಮಾತಿಗೆ. ಎಷ್ಟೋ ಸಲ ವಿಷಯ ಎತ್ತದಿರುವುದೇ ಕಾಯಿಲೆಯ ಲಕ್ಷಣ. ಆ ರಸ್ತೆ ಬಿಟ್ಟು ಸುತ್ತು ಬಳಸಿ ಹೋಗುವುದು, ಬೈಕ್ ಮಾರಿಬಿಡುವುದು, ಸ್ನೇಹಿತನ ತಿಥಿಗೆ ಏನೋ ನೆಪ ಹೇಳಿ ತಪ್ಪಿಸಿಕೊಳ್ಳುವುದು, ಟಿವಿಯಲ್ಲಿ ಅಪಘಾತದ ಸುದ್ದಿ ಬಂದ ಕೂಡಲೇ ಚಾನೆಲ್ ಬದಲಿಸುವುದು, ಇವೆಲ್ಲ ಮನೆಯವರ ಕಣ್ಣಿಗೆ ಸುಧಾರಣೆ ಥರ ಕಾಣುತ್ತವೆ. ಆದರೆ ತಪ್ಪಿಸಿಕೊಂಡಾಗಲೆಲ್ಲ ಆ ಹೊತ್ತಿಗೆ ಹಾಯೆನಿಸುತ್ತದೆ, ಮತ್ತು ಆ ನಿರಾಳವೇ ಅಪಾಯ ಇನ್ನೂ ಅಲ್ಲೇ ಇದೆ ಅಂತ ಮಿದುಳಿಗೆ ಕಲಿಸುತ್ತಾ ಹೋಗುತ್ತದೆ. ಹೆದರಿಕೆ ಸವೆಯಲು ಅವಕಾಶವೇ ಸಿಗುವುದಿಲ್ಲ.

ಉಳಿದ ಲಕ್ಷಣಗಳನ್ನು ಗುರುತಿಸುವುದು ಸ್ವಲ್ಪ ಸುಲಭ. ಕೆಟ್ಟ ಕನಸು. ಟಯರ್ ಸುಟ್ಟ ವಾಸನೆ ಬಂದರೆ ಸಾಕು, ಘಟನೆ ನೆನಪಾಗುವುದಷ್ಟೇ ಅಲ್ಲ, ಈಗಲೇ ನಡೆಯುತ್ತಿದೆ ಅನ್ನಿಸಿ ಮೈ ಬೆವರುವುದು. ಸಣ್ಣ ಸದ್ದಿಗೂ ಬೆಚ್ಚಿಬೀಳುವುದು. ನನ್ನಿಂದಲೇ ಅವನು ಸತ್ತ ಅನ್ನುವ ತಪ್ಪಿತಸ್ಥ ಭಾವ. ಮಗು ಓಡಿಬಂದು ತಬ್ಬಿಕೊಂಡರೂ ಏನೂ ಅನ್ನಿಸದಿರುವುದು, ಇದನ್ನು ಹೇಳಿಕೊಳ್ಳಲು ತುಂಬಾ ಜನ ನಾಚುತ್ತಾರೆ. ಚಿಕ್ಕ ಮಕ್ಕಳು ಬಾಯಲ್ಲಿ ಹೇಳುವುದಿಲ್ಲ, ಅದನ್ನೇ ಮತ್ತೆ ಮತ್ತೆ ಆಟವಾಡುತ್ತಾರೆ, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳಬಹುದು.

ಘಟನೆಯಾದ ಮೊದಲ ವಾರ ಇವೆಲ್ಲ ಇದ್ದರೆ ಗಾಬರಿಯಾಗಬೇಡಿ. ಹೆಚ್ಚಿನವರು ಚಿಕಿತ್ಸೆ ಇಲ್ಲದೆಯೇ ಸರಿಹೋಗುತ್ತಾರೆ. ಒಂದು ತಿಂಗಳು ದಾಟಿಯೂ ಹೋಗದೆ, ಕೆಲಸಕ್ಕೆ, ಸಂಸಾರಕ್ಕೆ ಅಡ್ಡ ಬರುತ್ತಿದ್ದರೆ ಮಾತ್ರ ಪಿಟಿಎಸ್‌ಡಿ ಅನ್ನುತ್ತೇವೆ. ಕೆಲವರಿಗೆ ಆರು ತಿಂಗಳು ಕಳೆದ ಮೇಲೆ ಪೂರ್ತಿಯಾಗಿ ಕಾಣಿಸಿಕೊಳ್ಳುವುದೂ ಉಂಟು.

ತಪ್ಪಿಸಿಕೊಳ್ಳಲು ಆಗದ ಜಾಗದಲ್ಲಿ ಕಷ್ಟ ಇನ್ನೂ ಜಾಸ್ತಿ. 2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದಿತ್ತಲ್ವಾ, ಅಂಥ ಕಡೆ ಬದುಕುಳಿದವರು ಬೇಕೆಂದರೂ ಮಳೆಯಿಂದ ಓಡಿಹೋಗಲು ಆಗುವುದಿಲ್ಲ, ಅದು ಪ್ರತಿ ಜೂನ್‌ನಲ್ಲಿ ಹೆಂಚಿನ ಮೇಲೆ ಬಂದು ಬೀಳುತ್ತದೆ. ಹೀಗಾಗಿ ವರ್ಷವೆಲ್ಲ ಚೆನ್ನಾಗಿದ್ದವರು ಮಳೆಗಾಲಕ್ಕೆ ಬದಲಾದರೆ ಸುಮ್ನೆ ಮೂಡ್ ಅಂತ ತಳ್ಳಿಹಾಕಬೇಡಿ.

ಹಾಗಂತ ಮರುದಿನವೇ ಎದುರಿಗೆ ಕೂರಿಸಿ ‘ಏನಾಯ್ತು, ಎಲ್ಲ ಹೇಳಿಬಿಡು, ಹಗುರಾಗುತ್ತೆ’ ಅಂತ ಒತ್ತಾಯಿಸುವುದೂ ತಪ್ಪು. ಅದರಿಂದ ಉಪಯೋಗವಿಲ್ಲ, ಕೆಲವರಿಗೆ ಹೆಚ್ಚಾಗುತ್ತದೆ. ಊಟ, ನಿದ್ದೆ, ಜೊತೆಗೊಬ್ಬರು, ಆಗ ಅಷ್ಟು ಸಾಕು. ದೇವಸ್ಥಾನಕ್ಕೆ ಹೋಗಿ, ದೃಷ್ಟಿ ತೆಗೆಸಿ, ನನ್ನ ತಕರಾರಿಲ್ಲ. ತಾಯತ ಕಟ್ಟಿದ್ದೇವೆ ಅಂತ ಆಸ್ಪತ್ರೆಗೆ ಬರುವುದನ್ನು ಎರಡು ವರ್ಷ ಮುಂದೂಡುವುದಕ್ಕೆ ಮಾತ್ರ ತಕರಾರಿದೆ.

ಚಿಕಿತ್ಸೆಯಲ್ಲಿ ಆ ನೆನಪನ್ನು ಸ್ವಲ್ಪ ಸ್ವಲ್ಪವಾಗಿ, ತರಬೇತಿ ಇರುವವರ ಜೊತೆ ಕೂತು ಎದುರಿಸಬೇಕು. ಇಂಥ ಆಘಾತಕ್ಕೆಂದೇ ರೂಪಿಸಿದ ಸಿಬಿಟಿ, ಅಂದರೆ ಯೋಚನೆ, ನಡವಳಿಕೆ ಬದಲಿಸುವ ಮಾತಿನ ಚಿಕಿತ್ಸೆ ಇದೆ, ಕಣ್ಣು ಅತ್ತಿತ್ತ ಆಡಿಸುತ್ತಾ ನೆನಪನ್ನು ಎದುರಿಸುವ ಇಎಂಡಿಆರ್ ಇದೆ. ಬೇಕಾದರೆ ಸೆರ್ಟ್ರಲಿನ್‌ನಂಥ ಮಾತ್ರೆ, ಅದು ಕೆಲಸ ಶುರುಮಾಡಲು ಕೆಲವು ವಾರ ಬೇಕು. ಮೆಡಿಕಲ್ ಶಾಪಿನಿಂದ ತಂದ ನಿದ್ದೆ ಮಾತ್ರೆ ಈ ಕಾಯಿಲೆಗೆ ಮದ್ದಲ್ಲ, ಅಭ್ಯಾಸವಾಗಿಬಿಡುತ್ತದೆ. ಚಿಕಿತ್ಸೆಯ ಶುರುವಿನ ವಾರಗಳಲ್ಲಿ ಕನಸು ಸ್ವಲ್ಪ ಜಾಸ್ತಿಯಾದಂತೆ ಅನ್ನಿಸಬಹುದು, ಅಲ್ಲಿಗೇ ಬಿಟ್ಟುಬಿಡುವವರು ತುಂಬಾ ಜನ, ದಯವಿಟ್ಟು ಆಗ ಡಾಕ್ಟರಿಗೆ ಹೇಳಿ. ಹತ್ತಿರದಲ್ಲಿ ಯಾರೂ ಇಲ್ಲದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮನೆಯವರೂ ಮಾಡಬಹುದು.