ನಾಯಿ ನಾಯಿಯೇ, ಸಿಂಹ ಸಿಂಹವೇ

ಕನ್ನಡ ಎಂ.ಎ. ಉತ್ತರ ಪತ್ರಿಕೆ ತಿದ್ದುವಾಗ ಪ್ರತಿ ವರ್ಷ ನನ್ನ ತಲೆ ಕೆಡಿಸುವುದು ಧ್ವನಿಯ, ಅಂದರೆ ಹೇಳಿದ ಮಾತಿನಾಚೆಗೆ ಹೊಳೆಯುವ ಅರ್ಥದ ಪ್ರಶ್ನೆ. ರಸ, ಅಲಂಕಾರ, ವಕ್ರೋಕ್ತಿಗಳನ್ನು ಮಕ್ಕಳು ಹೇಗೋ ನಿಭಾಯಿಸುತ್ತಾರೆ. ಧ್ವನಿ ಅಂದ ಕೂಡಲೇ ಪದ್ಯ ಒಗಟಾಗಿಬಿಡುತ್ತದೆ. ಮಳೆ ಅಂದರೆ ಬಿಡುಗಡೆ, ಹಕ್ಕಿ ಅಂದರೆ ಆತ್ಮ, ಬಾಗಿಲು ಅಂದರೆ ಸಾವು. ಪದಕ್ಕೊಂದು ಒಳಾರ್ಥ ಹಚ್ಚಿ, ಅಡಿಗೆರೆ ಎಳೆದು, ಮುಂದಿನ ಪ್ರಶ್ನೆಗೆ ಹೋಗುತ್ತಾರೆ.

ಧ್ವನಿ ಸಿದ್ಧಾಂತ ಕಟ್ಟಿದ ಆನಂದವರ್ಧನ ಹೇಳಿದ್ದು ಇದಲ್ಲ. 9ನೇ ಶತಮಾನದ ಕಾಶ್ಮೀರದಲ್ಲಿ ಧ್ವನ್ಯಾಲೋಕ ಬರೆದಾಗ ಅವನು ಎತ್ತಿಕೊಂಡ ಉದಾಹರಣೆಯನ್ನೇ ನೋಡಿ. ಹಾಲ ಸಂಗ್ರಹಿಸಿದ ಗಾಥಾಸಪ್ತಶತಿಯ ಒಂದು ಪ್ರಾಕೃತ ಪದ್ಯ. ಹೆಣ್ಣೊಬ್ಬಳು ಒಬ್ಬ ಧರ್ಮಿಷ್ಠನಿಗೆ ಹೇಳುತ್ತಾಳೆ: ಇನ್ನು ನಿಶ್ಚಿಂತೆಯಿಂದ ಓಡಾಡಿ, ಆ ನಾಯಿಯನ್ನು ಗೋದಾವರಿ ದಂಡೆಯ ಪೊದೆಯಲ್ಲಿರುವ ಸೊಕ್ಕಿದ ಸಿಂಹ ಇವತ್ತು ಕೊಂದುಹಾಕಿತು.

ಬಾಯಲ್ಲಿ ಬಂದದ್ದು 'ಓಡಾಡಿ'. ತಲುಪಿದ್ದು 'ಈ ಕಡೆ ಸುಳಿಯಬೇಡಿ'. ಆ ಪೊದೆ ಅವಳು ನಲ್ಲನನ್ನು ಕೂಡುವ ಜಾಗ, ಈತ ಹೂ ಕೀಳುವುದಕ್ಕೆ ಅಲ್ಲಿಗೇ ಬರುತ್ತಾನೆ ಅಂತ ವ್ಯಾಖ್ಯಾನಕಾರರು ಸಂದರ್ಭ ಹೇಳುತ್ತಾರೆ.

ಇದಕ್ಕೆ ಒಬ್ಬರು ಬರೆದಿದ್ದರು: ನಾಯಿ ಎಂದರೆ ಕಾಮ, ಸಿಂಹ ಎಂದರೆ ಸಮಾಜ. ಅಲ್ಲಪ್ಪಾ! ನಾಯಿ ನಾಯಿಯೇ ಆಗಿರಬೇಕು. ಅವನು ನಾಯಿಗೇ ಹೆದರುವವನು. ಸಿಂಹ ಇದೆ ಅಂದ ಮೇಲೆ ಆ ಕಡೆ ತಲೆ ಹಾಕುತ್ತಾನಾ? ಅವಳ ಲೆಕ್ಕಾಚಾರ ಇರುವುದೇ ಅಲ್ಲಿ. ನಾಯಿಯನ್ನು ಕಾಮ ಮಾಡಿದಿರೋ, ಅವನ ಹೆದರಿಕೆ ಹೋಯಿತು. ಹೆದರಿಕೆ ಹೋದರೆ ಅವಳ ಜಾಣತನವೂ ಹೋಯಿತು. ಇನ್ನು ಧ್ವನಿ ಎಲ್ಲಿಂದ ಬರಬೇಕು?

ತರಗತಿಯಲ್ಲಿ ಒಬ್ಬಳು ಕೇಳಿದಳು, "ಸಿಂಹ ನಿಜವಾಗ್ಲೂ ಇತ್ತಾ ಸರ್?" ಎಲ್ಲರೂ ನಕ್ಕರು. ನನಗೆ ಬಹಳ ಖುಷಿಯಾಯಿತು, ಸಿಂಹವನ್ನು ಸಿಂಹ ಅಂತ ಓದಿದವಳು ಅವಳೊಬ್ಬಳೇ. ಪದ್ಯದಲ್ಲಿ ಅದಕ್ಕೆ ಉತ್ತರ ಇಲ್ಲಮ್ಮಾ ಅಂದೆ. ಸ್ವಲ್ಪ ಹೊತ್ತು ಯೋಚಿಸಿ, "ಇಲ್ಲದಿದ್ರೂ ನಡೆಯುತ್ತೆ. ಅವನು ನಂಬಿದರೆ ಸಾಕು, ಅಲ್ವಾ?" ಅಂದಳು. ಇಡೀ ಪದ್ಯ ಅವಳ ಕೈಗೆ ಬಂದಿತ್ತು.

ಬೆಳಕು ಬೇಕಾದವನು ದೀಪದ ಕುಡಿಯನ್ನು ನೋಡಿಕೊಳ್ಳುವ ಹಾಗೆ, ಧ್ವನಿ ಬೇಕಾದವನು ವಾಚ್ಯಾರ್ಥದ, ಅಂದರೆ ಮಾತಿನ ನೇರ ಅರ್ಥದ ಬಗ್ಗೆ ಕಾಳಜಿ ವಹಿಸುತ್ತಾನೆ ಅಂತ ಆನಂದವರ್ಧನನೇ ಹೇಳಿದ್ದಾನೆ. ಈ ಕಾರಿಕೆಯನ್ನು (ಸೂತ್ರದಂಥ ಶ್ಲೋಕವನ್ನು) ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ. ಪದ್ಯ ಮುಂದಿಟ್ಟಾಗ ಮಾತ್ರ ನೆನಪಾಗುವುದಿಲ್ಲ.

ಸ್ವಲ್ಪ ಜಾಸ್ತಿ ಓದಿಕೊಂಡವರು ವಾದಕ್ಕೆ ಬರುತ್ತಾರೆ. ಲೇಖಕ ಸತ್ತ ಅಂತ ಫ್ರೆಂಚ್ ವಿಮರ್ಶಕ ರೋಲಾಂ ಬಾರ್ತ್ 1967ರಲ್ಲೇ ಬರೆದಿಲ್ವಾ, ಅರ್ಥ ಓದುಗನದಲ್ವಾ ಅಂತ. ಬಾರ್ತ್ ಕಿತ್ತುಹಾಕಿದ್ದು ಬರೆದವನ ಯಜಮಾನಿಕೆಯನ್ನು. ಪದ್ಯದೊಳಗೆ ಮಾತಾಡುವವರನ್ನಲ್ಲ. ಈ ಗಾಥೆ ಕಟ್ಟಿದವರು ಯಾರು ಅಂತ ಗೊತ್ತಿಲ್ಲದೆ ಓದಬಹುದು. ಅವಳು ಯಾರಿಗೆ ಹೇಳುತ್ತಿದ್ದಾಳೆ ಅಂತ ಗೊತ್ತಾಗದೆ ಓದಲಾಗುವುದಿಲ್ಲ.

ಆನಂದವರ್ಧನನ ಹಾದಿಯಲ್ಲೇ ಬಂದ ಮಮ್ಮಟ ತನ್ನ ಕಾವ್ಯಪ್ರಕಾಶದಲ್ಲಿ 'ಸೂರ್ಯ ಮುಳುಗಿದ' ಅನ್ನುವ ಒಂದೇ ಮಾತು ಇಟ್ಟುಕೊಂಡು ಇದನ್ನು ತೋರಿಸುತ್ತಾನೆ. ದನ ಕಾಯುವವನಿಗೆ ಹೇಳಿದರೆ, ದನ ಮನೆಗೆ ಹೊಡೆದುಕೊಂಡು ನಡಿ. ವ್ಯಾಪಾರಿಗೆ, ಸಾಮಾನು ಎತ್ತಿಡು. ಸೇನಾಪತಿಗೆ, ದಾಳಿಗೆ ಸಮಯ. ನಲ್ಲನ ದಾರಿ ಕಾಯುವವಳಿಗೆ, ಇನ್ನೇನು ಬಂದ. ಅರ್ಥಗಳು ಹಲವು ನಿಜ, ಆದರೆ ಒಂದೂ ಸುಮ್ನೆ ಓದುಗನ ಮನಸ್ಸಿಗೆ ಹೊಳೆದದ್ದಲ್ಲ. ಕೇಳುವವರು ಬದಲಾದರು, ಅರ್ಥ ಬದಲಾಯಿತು. ಸೂರ್ಯ ಮಾತ್ರ ಎಲ್ಲದರಲ್ಲೂ ಮುಳುಗಿಯೇ ಇದ್ದಾನೆ.

ಒಂದು ಎಚ್ಚರಿಕೆ ಹೇಳಬೇಕು. ಸಂಕೇತ ಇಟ್ಟೇ ಕಟ್ಟಿದ ರಚನೆಗಳೂ ಇವೆ. ಅಲ್ಲಮನ ಬೆಡಗಿನ, ಅಂದರೆ ಒಗಟಿನಂಥ ವಚನಗಳಲ್ಲಿ ಸಂಕೇತ ಬಿಡಿಸದೆ ಮುಂದೆ ಹೋಗುವುದು ಕಷ್ಟ. ಹಾಗಂತ ಗಾಥೆಯನ್ನೂ ಬೆಡಗಿನ ವಚನದಂತೆ ಓದಬೇಡಿ ಅಂತಷ್ಟೇ ನಾನು ಕೇಳಿಕೊಳ್ಳುವುದು.

ಪರೀಕ್ಷೆಯಲ್ಲಿ ಮೊದಲ ಎರಡು ಸಾಲು ಹೀಗೆ ಬರೆಯಿರಿ: ಯಾರು, ಯಾರಿಗೆ, ಎಂಥ ಹೊತ್ತಿನಲ್ಲಿ ಹೇಳುತ್ತಿದ್ದಾರೆ. ಆಮೇಲೆ ಧ್ವನಿಗೆ ಬನ್ನಿ. ನಿಮ್ಮ ಓದು ನನ್ನದಕ್ಕಿಂತ ಬೇರೆಯಾಗಿದ್ದರೂ, ಪದ್ಯದ ಮಾತಿನಿಂದಲೇ ತೋರಿಸಿಕೊಟ್ಟರೆ ಪೂರ್ತಿ ಅಂಕ ಕೊಡುತ್ತೇನೆ.