ಮನೆ ಡಯಾಲಿಸಿಸ್‌ಗೆ ದುಡ್ಡು ಕೊಡುವವರು ಯಾರು?

ಡಯಾಲಿಸಿಸ್ ಎಂದರೆ ಆಸ್ಪತ್ರೆಯ ಯಂತ್ರ, ವಾರಕ್ಕೆ ಎರಡು-ಮೂರು ಸಲ ನಾಲ್ಕು ನಾಲ್ಕು ಗಂಟೆ ಅದರ ಪಕ್ಕದಲ್ಲಿ ಮಲಗುವುದು ಎಂದೇ ಬಹುತೇಕರ ತಿಳಿವಳಿಕೆ. ಆ ಯಂತ್ರವೇ ಬೇಡದ ಬಗೆಯೊಂದಿದೆ: ಪೆರಿಟೋನಿಯಲ್ ಡಯಾಲಿಸಿಸ್, ಚಿಕ್ಕದಾಗಿ ಪಿಡಿ. ಮನೆಯ ಕೋಣೆಯಲ್ಲೇ ಮಾಡಿಕೊಳ್ಳಬಹುದು. ‘ಅದು ಕೊನೆಗಾಲದವರಿಗೆ’, ‘ಮನೇಲಿ ಮಾಡಿದರೆ ಸೋಂಕು ಗ್ಯಾರಂಟಿ’ ಎಂಬ ತಪ್ಪು ಮಾತುಗಳು ಅದನ್ನು ಹಿಂದಕ್ಕೆ ತಳ್ಳಿವೆ. ಅದಕ್ಕಿಂತ ಹೆಚ್ಚು ತಳ್ಳಿರುವುದು ನಾವು ಬಿಲ್ಲು ಕಟ್ಟುವ ರೀತಿ.

ಹೊಟ್ಟೆಯೊಳಗೆ ಕರುಳನ್ನು ಹೊದ್ದಿರುವ ತೆಳುಪೊರೆಯೇ ಇಲ್ಲಿ ಸೋಸುವ ಬಟ್ಟೆ. ಹೊಕ್ಕುಳ ಬಳಿ ಕೂರಿಸಿದ ಮೆತ್ತನೆಯ ಕೊಳವೆಯಿಂದ 2 ಲೀಟರ್ ದ್ರಾವಣ ಒಳಗೆ ಬಿಡುತ್ತಾರೆ. ಸೋತ ಕಿಡ್ನಿ ಹೊರಹಾಕಲಾರದ ಯೂರಿಯಾ, ಕ್ರಿಯಾಟಿನಿನ್, ಪೊಟ್ಯಾಶಿಯಂ ರಕ್ತದಿಂದ ಪೊರೆ ದಾಟಿ ಅದಕ್ಕೆ ಇಳಿಯುತ್ತವೆ. ಮೈಯಲ್ಲಿ ತುಂಬಿದ ನೀರನ್ನು ಎಳೆಯುವುದು ದ್ರಾವಣದಲ್ಲಿರುವ ಸಕ್ಕರೆ, ಅಂದರೆ ಡೆಕ್ಸ್‌ಟ್ರೋಸ್. ಮಾವಿನ ಹೋಳಿಗೆ ಉಪ್ಪು ಬೆರೆಸಿಟ್ಟರೆ ಮಾರನೆಯ ದಿನ ಭರಣಿಯಲ್ಲಿ ನೀರು ನಿಂತಿರುತ್ತದಲ್ಲ, ಅದೇ ಲೆಕ್ಕ. ಒಣದ್ರಾಕ್ಷಿ ನೀರಲ್ಲಿ ಉಬ್ಬುವುದೂ ಅದೇ, ದಿಕ್ಕು ಮಾತ್ರ ತಿರುಗುಮುರುಗು. ಚೀಲಗಳು ಶೇ. 1.5, 2.5, 4.25 ಸಕ್ಕರೆಯವು, ಸಕ್ಕರೆ ಹೆಚ್ಚಿದಷ್ಟೂ ಸೆಳೆತ ಹೆಚ್ಚು. ಆದರೆ ಹೊತ್ತು ಕಳೆದಂತೆ ಆ ಸಕ್ಕರೆಯೂ ರಕ್ತಕ್ಕೆ ಸೇರಿಹೋಗುತ್ತದೆ. ಸೆಳೆತ ಸಡಿಲವಾಗುತ್ತದೆ, ಇನ್ನೂ ಬಿಟ್ಟರೆ ಹೊಟ್ಟೆಯ ನೀರೇ ಮೈಗೆ ವಾಪಸ್ಸು. ಹಾಗಾಗಿಯೇ ದಿನಕ್ಕೆ 3-4 ಸಲ ಬದಲಿಸುವುದು.

ಈಗ ಖರ್ಚಿನ ಕಡೆ ನೋಡಿ. ದಿನಕ್ಕೆ 4 ಚೀಲವೆಂದರೆ ತಿಂಗಳಿಗೆ 120, ತೂಕವೇ 240 ಕಿಲೋ ಮೀರುತ್ತದೆ. ಕೈಯಿಂದ ದುಡ್ಡು ಹಾಕಬೇಕಾದವರು ತಿಂಗಳ ಕೊನೆಯಲ್ಲಿ ನಾಲ್ಕರ ಜಾಗದಲ್ಲಿ ಎರಡೇ ಚೀಲ ಹಾಕಿ ಒಂದೊಂದನ್ನೂ ಹನ್ನೆರಡು ಗಂಟೆ ಹೊಟ್ಟೆಯಲ್ಲೇ ಇಟ್ಟುಕೊಳ್ಳುತ್ತಾರೆ. ಕಾಲು ಊದುತ್ತದೆ, ಮಲಗಿದರೆ ಉಸಿರು ಕಟ್ಟುತ್ತದೆ. ಆಮೇಲೆ ‘ಪಿಡಿ ಕೆಲಸ ಮಾಡಲಿಲ್ಲ’ ಎನ್ನುತ್ತಾರೆ. ಪೊರೆ ಚೆನ್ನಾಗಿಯೇ ಇರುತ್ತದೆ.

2016ರ ಬಜೆಟ್‌ನಲ್ಲಿ ಘೋಷಣೆಯಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಜಿಲ್ಲಾ ಆಸ್ಪತ್ರೆಗಳಿಗೆ ಯಂತ್ರ ತಂದಿತು; ಪಿಡಿಯ ಮಾರ್ಗಸೂಚಿ ಬಂದದ್ದು 2019ರಲ್ಲಿ. ಅಷ್ಟರಲ್ಲಿ ಟೆಂಡರು, ನೀರಿನ ಘಟಕ, ತಂತ್ರಜ್ಞರು ಎಲ್ಲ ಯಂತ್ರದ ಸುತ್ತಲೇ ಕಟ್ಟಿಕೊಂಡಿದ್ದವು. ಯಂತ್ರದ ಡಯಾಲಿಸಿಸ್‌ಗೆ ಹಣ ಪಾವತಿಯಾಗುವುದು ಸೆಷನ್ ಲೆಕ್ಕದಲ್ಲಿ. ಮನೆಯಲ್ಲಿ ಸೆಷನ್ ಎಂಬುದೇ ಇಲ್ಲ. ಮಲೆನಾಡಿನ ಒಂಟಿಮನೆಯಿಂದ ತಾಲ್ಲೂಕು ಆಸ್ಪತ್ರೆಗೆ ಬರುವವರ ಬಸ್ ಚಾರ್ಜು, ಜೊತೆಗೆ ಬಂದವರ ಆ ದಿನದ ಕೂಲಿ ಯಾವ ಬಿಲ್ಲಿಗೂ ಸೇರುವುದಿಲ್ಲ. ಪಿಡಿ ಹೆಚ್ಚು ಬೇಕಿರುವುದು ಇಂಥ ದೂರದವರಿಗೆ. ದಕ್ಕುತ್ತಿರುವುದು ಮಾತ್ರ ಚೀಲ ಕೊಳ್ಳಬಲ್ಲವರಿಗೆ.

ಇದು ನಮ್ಮ ಕಥೆ ಮಾತ್ರವಲ್ಲ. 1970ರ ದಶಕದ ಆರಂಭದಲ್ಲಿ ಅಮೆರಿಕದ ಡಯಾಲಿಸಿಸ್ ರೋಗಿಗಳಲ್ಲಿ ನೂರಕ್ಕೆ ಸುಮಾರು 40 ಮಂದಿ ಮನೆಯಲ್ಲೇ, ಅದೂ ಯಂತ್ರದಲ್ಲೇ, ಮಾಡಿಕೊಳ್ಳುತ್ತಿದ್ದರು. 1972ರ ಕಾನೂನು ಮರುವರ್ಷದ ಜುಲೈಯಿಂದ ಮೆಡಿಕೇರ್ ಎಂಬ ಸರ್ಕಾರಿ ವಿಮೆಯನ್ನು ಬಹುಪಾಲು ಕಿಡ್ನಿ ರೋಗಿಗಳಿಗೆ ತೆರೆಯಿತು. ಎಷ್ಟೋ ಜೀವ ಉಳಿದವು, ನಿಜ. ಆದರೆ ಕೇಂದ್ರಕ್ಕೆ ಹೋದರೆ ಖರ್ಚು ಸಲೀಸಾಗಿ ಸಿಗುತ್ತಿತ್ತು, ಮನೆಯ ಸಹಾಯಕರ ಕೂಲಿಗೆ ಸಿಗಲಿಲ್ಲ. ಮನೆ ಡಯಾಲಿಸಿಸ್ ಕೆಲವೇ ವರ್ಷಗಳಲ್ಲಿ ಕುಸಿಯಿತು. 1978ರಲ್ಲಿ ಕಾನೂನು ತಿದ್ದಬೇಕಾಯಿತು. 2021ರಿಂದ ಅಲ್ಲಿ ದೇಶದ ಸುಮಾರು ಶೇ. 30 ಪ್ರದೇಶಗಳನ್ನು ಚೀಟಿ ಎತ್ತಿದಂತೆ ಆರಿಸಿ, ಮನೆ ಡಯಾಲಿಸಿಸ್ ಹೆಚ್ಚಿಸಿದ ಕೇಂದ್ರಗಳಿಗೆ ಬೋನಸ್, ಹಿಂದುಳಿದವಕ್ಕೆ ಕಡಿತ ಎಂದು ಪ್ರಯೋಗ ಮಾಡಿದರು. ಬಡ ರೋಗಿಗಳು ಹೆಚ್ಚಿರುವ ಕೇಂದ್ರಗಳಿಗೇ ಹೆಚ್ಚು ಪೆಟ್ಟು ಬಿತ್ತು. ಬಾಡಿಗೆಯ ಒಂದೇ ಕೋಣೆಯಲ್ಲಿರುವ ಸಂಸಾರ ಚೀಲಗಳು ಬರುವ ರಟ್ಟಿನ ಪೆಟ್ಟಿಗೆಗಳನ್ನು ಎಲ್ಲಿ ಪೇರಿಸಬೇಕು?

ಥಾಯ್ಲೆಂಡ್ ಬೇರೆ ದಾರಿ ಹಿಡಿಯಿತು. 2008ರಿಂದ ಸಾರ್ವತ್ರಿಕ ಆರೋಗ್ಯ ಯೋಜನೆಯಲ್ಲಿ ಮೊದಲು ಪಿಡಿ. ದ್ರಾವಣ ಮನೆಬಾಗಿಲಿಗೇ ಬರುತ್ತಿತ್ತು. ಹಳ್ಳಿಯವರಿಗೂ ಸಿಕ್ಕಿತು. ಆದರೆ ತಾವಾಗಿ ಯಂತ್ರ ಆರಿಸಿಕೊಂಡವರು ಕೈಯಿಂದಲೇ ಕೊಡಬೇಕಿತ್ತು, ಅದು ನ್ಯಾಯವಲ್ಲ. 2022ರಲ್ಲಿ ಆಯ್ಕೆ ರೋಗಿಗೇ ಬಿಟ್ಟಾಗ ಜನ ಯಂತ್ರದತ್ತ ಹರಿದರು.

ಎಲ್ಲರೂ ಮರೆಯುವ ಖರ್ಚೆಂದರೆ ಕೈ. ಒಂದು ಬದಲಾವಣೆಗೆ 30-40 ನಿಮಿಷ. ಫ್ಯಾನ್ ಆರಿಸಿ, ಮಾಸ್ಕ್ ಹಾಕಿ, ಕೈ ತೊಳೆದು ಒಣಗಿಸಬೇಕು. ಚೀಲವನ್ನು ಮೈಬಿಸಿಗೆ ತರಬೇಕು, ಬಿಸಿನೀರಲ್ಲಿ ಅದ್ದಬಾರದು: ತೇವದ ಜೊತೆ ಸೋಂಕು ಬರುತ್ತದೆ. ಜೋಡಿಸುವ ತುದಿ ಬೆರಳಿಗೆ ತಗುಲಬಾರದು. ಹಳೆಯ ನೀರು ಇಳಿಸಿ, ಕೊಳವೆ ತೊಳೆದು, ಆಮೇಲೆ ಹೊಸದು. ಇಳಿದ ನೀರಿನ ಚೀಲವನ್ನು ಪತ್ರಿಕೆಯ ಮೇಲಿಟ್ಟು ನೋಡಿ. ಅಕ್ಷರ ಮಸುಕಾದರೆ ಹೊಟ್ಟೆಗೆ ಸೋಂಕು ತಗುಲಿರಬಹುದು, ಆ ಚೀಲ ಹಿಡಿದೇ ಅಂದೇ ಆಸ್ಪತ್ರೆಗೆ ಹೊರಡಬೇಕು.

ಕೈ ನಡುಗುವ, ಕಣ್ಣು ಮಂಜಾದ ಅಜ್ಜಿಗೆ ಇದನ್ನು ದಿನಕ್ಕೆ ನಾಲ್ಕು ಸಲ ಮಾಡುವವರು ಯಾರು? ಫ್ರಾನ್ಸ್‌ನಲ್ಲಿ ನರ್ಸ್ ಮನೆಗೆ ಬಂದು ಮಾಡುತ್ತಾರೆ, ಆರೋಗ್ಯ ವಿಮೆ ಅವರಿಗೆ ದುಡ್ಡು ಕೊಡುತ್ತದೆ. ನಮ್ಮಲ್ಲಿ ಸೊಸೆಯೋ ಮಗಳೋ ಕೂಲಿ ಬಿಟ್ಟು ಮಾಡುತ್ತಾರೆ. ಪಿಡಿಗೆ ದರ ನಿಗದಿ ಮಾಡುವವರು ಚೀಲದ ಬೆಲೆಯ ಜೊತೆಗೆ ಸಾಗಣೆ, ತರಬೇತಿ ಕೊಡುವ ನರ್ಸಿನ ಸಂಬಳ ಮತ್ತು ಈ ಹೆಣ್ಣುಮಕ್ಕಳ ಕಳೆದುಹೋದ ಕೂಲಿಯನ್ನೂ ತಿಂಗಳ ಮೊತ್ತಕ್ಕೆ ಸೇರಿಸಬೇಕು.